ಸೋದರತ್ತೆಯ ಏರುದನಿ ಅಳಿಸಿದವರು

ಗೆಳೆಯರೇ, ಚಿತ್ತಾಪುರದಿಂದ ಈಗಷ್ಟೇ ಶಹಾಬಾದಿಗೆ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಸೋದರತ್ತೆ ಶಾಂತಾಬಾಯಿ ಭಜನೆ ಹಾಡಿದ್ದು ಒಂದೇ ಒಂದು ಸಿಡಿಗೆ. ಗಂಟಲಿನ ಆಪರೇಷನ್ ಆದ ಮೇಲೆ ಆಕೆಗೆ ಉಳಿದಿರುವುದು ಪಿಸುದನಿ ಮಾತ್ರ. ಸಿಡಿಯೂ ಒಡೆದುಹೋಗಿದೆ. ಅದರಲ್ಲಿದ್ದದ್ದನ್ನು ಚೂರೂ ಕಳೆಯದೆ ನಾನು ಇಳಿಸಿಕೊಟ್ಟಿದ್ದ ಫೈಲು ಆಕೆಯ ಮಗ ಮಲ್ಲುವಿನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

ಹಳೆಯ ಕೆಲವು ಸಿಡಿಗಳ ಸದ್ದಿನೊಳಗೆ ಕಿವಿಗೆ ತಿಳಿಯದ ಸಂಕೇತವೊಂದು ಅಡಗಿರುತ್ತದೆ. ತಕ್ಕ ಸಾಫ್ಟ್‌ವೇರ್‌ನಿಂದ ಅದನ್ನು ಬಿಡಿಸದೆ ಕೇಳಿದರೆ ಏರುದನಿ ಚಪ್ಪಟೆಯಾಗುತ್ತದೆ. ಹಿಂದೆ ಸಿಡಿಯಿಂದಲೇ ತೆಗೆದಿಟ್ಟುಕೊಂಡಿದ್ದ ಒಂದು ಪಲ್ಲವಿಯನ್ನು ನಿನ್ನೆ ಬಿಡಿಸಿ ನೋಡಿದೆ. ಅತ್ತೆಯ ದನಿ ಮೇಲೇರಿ ನಿಂತಿತು. ಉಳಿದದ್ದನ್ನೂ ಬಿಡಿಸೋಣವೆಂದು ಇವತ್ತು ಲ್ಯಾಪ್‌ಟಾಪ್ ಹಿಡಿದು ಹೋದರೆ, ಮಲ್ಲುವಿನ ಫೈಲಿನಲ್ಲಿ ಸಂಕೇತವೇ ಇರಲಿಲ್ಲ.

“ಇದಕ್ಕ ಏನರೆ ಮಾಡೀಯೇನೋ?” ಎಂದೆ.

“ಆವಾಜ್ ಭಾಳ ಸಣ್ಣದಿತ್ತಣ್ಣ. ಏರ್ಸಿ, ಅದ್ರ ಮ್ಯಾಲೇ ಸೇವ್ ಮಾಡೀನಿ.”

ಹಾಗೆ ಏರಿಸಿದಾಗಲೇ ಸಂಕೇತ ಅಳಿಸಿಹೋಯಿತೆಂದು ವಿವರಿಸಿದೆ. “ಈಗ ಜೋರ್ ಕೇಳ್ಲಿಕತ್ತದಲ್ಲ, ಮತ್ತೇನು ಬೇಕು?” ಎಂದವನೇ ಅದನ್ನು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಅತ್ತೆಗೆ ಎರಡನ್ನೂ ಕೇಳಿಸಿದೆ. ನನ್ನ ಪಲ್ಲವಿ ಕೇಳುವಾಗ ಕಣ್ಣು ಮುಚ್ಚಿ ಕುಳಿತಳು. ಮಗನ ಫೈಲು ಶುರುವಾದಾಗ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ನಾ ಹಿಂಗ ಹಾಡ್ತಿದ್ದಿಲ್ಲಪ. ಗ್ರೂಪಿನವ್ರಿಗೆ ಹೇಳು.”

ಗ್ರೂಪಿನಲ್ಲಿ ಎಲ್ಲರೂ ಹೂವು, ಚಪ್ಪಾಳೆ ಹಾಕುತ್ತಿದ್ದರು. ಅತ್ತೆಯ ಮಾತನ್ನು ಅದರ ಕೆಳಗೆ ಹಾಗೆಯೇ ಬರೆದೆ. ಬಸ್ಸು ವಾಡಿ ದಾಟುವಷ್ಟರಲ್ಲಿ ಮಲ್ಲು ನನ್ನನ್ನು ಗ್ರೂಪಿನಿಂದ ತೆಗೆದಿದ್ದ.

ಅದಕ್ಕೇ ನನ್ನ ಈ ಬ್ಲಾಗಿನಲ್ಲಿ ಬರೆದಿದ್ದೇನೆ. ಇಲ್ಲಿಂದ ತೆಗೆಯುವುದು ಅವನ ಕೈಯಲ್ಲಿಲ್ಲ.