ಅಬಿಯ ಕಪ್ಪು ಹೊಲ

ಲಾಸ್ ಏಂಜಲೀಸಿನ ಗುಡ್ಡಗಳಿಗೆ ಬೆಂಕಿ ಬಿದ್ದಾಗ, ಅದರ ಪಕ್ಕದ ಆರ್ಟೀಸಿಯಾ ಎಂಬ ಊರಿನಲ್ಲಿ ನಾನು ಸ್ವಂತ ದುಡಿಮೆಯಿಂದ ಕಟ್ಟಿದ ಹೋಟೆಲಿನ ಮುಂದೆ ನಿಂತ ಕಾರುಗಳ ಮೇಲೆಲ್ಲ ಬೂದಿ ಉದುರಿತ್ತು. ಮನೆ ಕಳೆದುಕೊಂಡವರನ್ನು ನೆನೆದರೆ ಹೀಗೆ ಹೇಳಬಾರದು. ಆದರೂ ಆ ಬೂದಿಯ ವಾಸನೆಗೆ ನನ್ನೊಳಗೆ ಒಂದು ಮನೆ ಎದ್ದು ನಿಂತಿತು. ನಿಮಗೂ ಅಂಥದೊಂದು ಮನೆ ಇದ್ದೀತು.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕಲಿತ ಭೂಗೋಳವೆಲ್ಲ ಆ ಮನೆಯಿದ್ದ ಲಡಾಖಿನ ಒಂದು ಕಣಿವೆಯದೇ. ನಡುವೆ ಮಂಜು ಕರಗಿ ಹರಿಯುವ ನದಿ, ದಂಡೆಗೆ ಜರ್ದಾಳು ಹಣ್ಣಿನ ಮರಗಳು, ಮೇಲೆ ಬೋಳು ಗುಡ್ಡ. ಆ ಗುಡ್ಡ ಯಾವ ದೇಶದ್ದೆಂಬ ತಕರಾರಿನಲ್ಲಿ ಎರಡೂ ಕಡೆಯ ಸೈನಿಕರು ದುರ್ಬೀನು ಹಿಡಿದು ಕೂತಿರುತ್ತಿದ್ದರು. ಗದಗಿನ ಕಡೆಯವನಾದ ಅಪ್ಪ ಅಲ್ಲಿ ರಸ್ತೆ ಕೆಲಸದವರ ಕ್ಯಾಂಪಿಗೆ ಅಡುಗೆಯವನು. ನಾವು ಬಾಡಿಗೆಗಿದ್ದುದು ಒಬ್ಬ ಮುದುಕಿಯ ಮನೆಯಲ್ಲಿ. ಅಲ್ಲಿಯವರ ಮಾತಿನಲ್ಲಿ ಅಬಿ ಎಂದರೆ ಅಜ್ಜಿ. ನಾವೂ ಹಾಗೇ ಕರೆದೆವು.

ಅಲ್ಲಿ ಚಳಿಗಾಲವೆಲ್ಲ ಒಲೆಯ ಬೂದಿ ಕೂಡಿಟ್ಟು, ಬಿಸಿಲು ಬಲಿತ ಮೇಲೆ ಹೊಲದ ಹಿಮದ ಮೇಲೆ ಎರಚುತ್ತಾರೆ. ಕಪ್ಪಾದ ಹಿಮ ಬಿಸಿಲು ಹೀರಿ ಬೇಗ ಕರಗುತ್ತದೆ. ಬಿತ್ತನೆ ತಡವಾದರೆ ಜವೆಗೋಧಿ ಬಲಿಯುವ ಮೊದಲೇ ಮತ್ತೆ ಹಿಮ. ನಾವಲ್ಲಿದ್ದ ಒಂದು ವರ್ಷ ಸೊಂಟದೆತ್ತರ ಹಿಮ ಬಿದ್ದಿತ್ತು. ಅಬಿಯ ಒಂಟಿ ಒಲೆಯ ಬೂದಿ ಹೊಲದ ಮೂಲೆಗೂ ಸಾಲದು. ಈ ಸಲ ಬಿತ್ತದಿದ್ದರೆ ಮನೆಗೆ ಬೀಗ ಹಾಕಿ ಕರೆದೊಯ್ಯುತ್ತೇನೆಂದು ಲೇಹ್ ಪೇಟೆಯಲ್ಲಿದ್ದ ಅವಳ ತಮ್ಮ ಹೇಳಿ ಕಳಿಸಿದ್ದ. ಅಬಿ, ಯಾರಾದರೂ ಒಯ್ದಾರು ಎಂಬಂತೆ ಬೀಜದ ಚೀಲದ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದಳು.

ಅದನ್ನು ನೋಡಿದ ಅಪ್ಪ, ಕ್ಯಾಂಪಿನ ದೊಡ್ಡ ಒಲೆಗಳ ಬೂದಿಯನ್ನು ನದಿಗೆ ಚೆಲ್ಲುವ ಬದಲು ಚೀಲಗಳಲ್ಲಿ ಹೊತ್ತು ತಂದ. ಅವ್ವ ನಕ್ಕಳು. "ಏನ್ರೀ, ಊರಾಗ ಗೊಬ್ಬರ ಹೊರ್ರಿ ಅಂದ್ರ ಸೊಂಟ ನೋವು ಅಂತಿದ್ರಿ. ಇಲ್ಲಿ ಬಂದು ಬೂದಿ ಹೊರಾಕತ್ತೀರಿ!"

"ಸುಮ್ನ ಬುಟ್ಟಿ ತಗೊ. ಮುದುಕಿ ಹೋದ್ರ ನಿನ್ನ ಬಾಯಿಗೆ ಹೆದರದಂಗ ಮನಿ ಬಾಡಿಗಿಗೆ ಯಾರು ಕೊಡ್ತಾರ?"

ಅಪ್ಪನ ಹಿಂದೆ ರಸ್ತೆಯ ಕೂಲಿಗಳೂ ಬಂದರು. ನಾನೂ ಮುಷ್ಟಿ ತುಂಬಿ ಎರಚಿದೆ. ಸಂಜೆಯ ಹೊತ್ತಿಗೆ ಇಡೀ ಕಣಿವೆಯಲ್ಲಿ ಅಬಿಯ ಹೊಲದಷ್ಟು ಕಪ್ಪು ಹೊಲ ಇನ್ನೊಂದಿರಲಿಲ್ಲ. ಮೇಲಿನ ದುರ್ಬೀನುಗಳೆಲ್ಲ ಅತ್ತಲೇ ತಿರುಗಿರಬೇಕು. ಕೆಲವೇ ದಿನಗಳಲ್ಲಿ ಹಿಮದಡಿ ನೀರಿನ ಸದ್ದು ಶುರುವಾಯಿತು. ಒದ್ದೆ ಮಣ್ಣು ಹಬೆಯಾಡುತ್ತ ಮೇಲೆದ್ದಿತು. ಊರಿನ ಮೊದಲ ಬಿತ್ತನೆ ಅಬಿಯದೇ ಆಯಿತು. ಅವಳು ಅಪ್ಪನ ಭುಜಕ್ಕೆ ಗುದ್ದಿ, ತನ್ನ ಮುರುಕು ಹಿಂದಿಯಲ್ಲಿ ಅಂದಳು: "ನನ್ನ ತಮ್ಮನಿಗೆ ಹೇಳಿ ಕಳಿಸು, ಅಕ್ಕನಿಗೆ ಪುರುಸೊತ್ತಿಲ್ಲ ಅಂತ."

ಆಮೇಲೂ ಎಷ್ಟೋ ವರ್ಷ ಅವಳು ಅಲ್ಲೇ ಬಿತ್ತಿದಳು, ತನ್ನ ಒಲೆಯ ಪಕ್ಕದಲ್ಲೇ ಕಣ್ಣು ಮುಚ್ಚಿದಳು. ಈಗ ಅಪ್ಪನಿಲ್ಲ, ಅವ್ವನಿಲ್ಲ. ನದಿ ದಾರಿ ಬದಲಿಸಿ ಆ ಮನೆಯನ್ನೂ ಒಯ್ದಿದೆಯಂತೆ. ಒಯ್ಯಲಿ. ಅಬಿ ಇದ್ದಷ್ಟು ದಿನ ಅದಕ್ಕೆ ಬೀಗ ಬೀಳಲಿಲ್ಲ.