ಆಡು ಅಂದದ್ದಕ್ಕೆ

ರಾಯದುರ್ಗದಿಂದ ಮಡಕಶಿರಕ್ಕೆ ಹತ್ತು ಟಗರು, ಐದು ಆಡು ಮಾಲೀಕರ ಗಾಡಿಗೆ ತುಂಬಿಕೊಂಡು ಹೊರಟಿದ್ದೆ. ದನ-ಕುರಿ ಸಾಗಿಸಲು ಪಶು ಡಾಕ್ಟರ ಸರ್ಟಿಫಿಕೇಟು ಬೇಕು. ಅದು ಜೇಬಿನಲ್ಲಿತ್ತು, ತೆಲುಗಿನಲ್ಲಿ. ತೆಲುಗು ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು.

ಮಡಕಶಿರದ ಹತ್ತಿರ ಪಶು ಇಲಾಖೆಯ ಮೇಡಂ ಒಬ್ಬರು ಪೊಲೀಸರ ಜೊತೆ ಗಾಡಿ ತಡೆದರು. ಕಾಗದ ಓದಿದರು, ಹಿಂದೆ ಹೋಗಿ ಇಣುಕಿದರು.

"ಐದು ಹೆಣ್ಣು ಕುರಿ ಅಂತ ಬರೆದವ್ರೆ. ಎಲ್ಲಿ ಅವೆ?"

ಸುಳ್ಳು ಕಾಗದ ಅಂದರೆ ಮಾಲೀಕರ ಗಾಡಿ ಸ್ಟೇಷನ್ನಿಗೆ, ಅದರ ಹಿಂದೆಯೇ ನಾನು.

"ನಾ ಆಡು ಅಂತ ಹೇಳಿದ್ದೆರಿ, ಮೇಡಂ."

"ನೀ ಹೇಳಿದ್ದ ಕೇಳಿ ಬರೆದೋರು ತೆಲುಗಿನೋರು. ಅವ್ರಿಗೆ ಆಡ ಅಂದ್ರೆ ಹೆಣ್ಣು. ಮೇಕೆ ಅನ್ನಾಕೇನಪ್ಪ ನಿಂಗೆ?"

"ನಮ್ಮ ಕಡಿ ಆಡು ಅಂತೀವ್ರಿ. ನೋಡ್ರಿ, ಗಡ್ಡ ಐತಿ."

ಒಂದು ಆಡಿನ ಗಡ್ಡ ಹಿಡಿದು ತೋರಿಸಿದೆ. ಪೊಲೀಸಪ್ಪ ನಗಲಿಲ್ಲ.

ಮೇಡಂ ರಾಯದುರ್ಗಕ್ಕೆ ಫೋನು ಮಾಡಿ ವಿಚಾರಿಸಿದರು. "ಆಯ್ತು, ಮೇಕೆನೇ. ಆದ್ರೆ ಕುರಿ, ಮೇಕೆ ಒಟ್ಟಿಗೆ ತುಂಬಂಗಿಲ್ಲ. ನಡುವೆ ಅಡ್ಡ ಹಲಗೆ ಎಲ್ಲಿ?"

"ಹೆಣ್ಣು ಕುರಿ ಆಗಿದ್ರ ಹಲಗಿ ಬ್ಯಾಡೇನ್ರಿ?"

"ಟಗರಿನ ಜೊತೆ ಹೆಣ್ಣೂ ತುಂಬಂಗಿಲ್ಲ. ಆಗ್ಲೂ ಹಲಗೆ ಬೇಕು."

ಹಲಗೆ ಕಟ್ಟಿಸಿ, ಕಾಗದ ತಿದ್ದಿ ಬಿಟ್ಟುಕೊಟ್ಟರು. ಈಗಲೂ ಯಾರಾದರೂ ಗಾಡಿಗೆ ಕೈ ಅಡ್ಡ ಹಿಡಿದರೆ ಎದೆ ಡವಡವ ಅನ್ನುತ್ತದೆ. ನಾನು ಮಾಡಿದ ತಪ್ಪು ಯಾವುದು ಅಂತ ಅವರು ಹೇಳುವ ತನಕ ನನಗೆ ತಿಳಿಯುವುದಿಲ್ಲವಲ್ಲ.