ನಮ್ಮ ಸೀನಿಯರ್ ಕೊಳ್ಳದೆ ಬಿಟ್ಟ ಕಾರು

ನಮ್ಮ ಸೀನಿಯರ್ ಅವರ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಕೋರ್ಟಿನಲ್ಲಿ ಎದುರು ವಕೀಲರು ವಾದವನ್ನು ಎಳೆಯತೊಡಗಿದರೆ ಸಾಕು, ಮೇಜಿನ ಕೆಳಗೆ ಆ ಕಾಲು, ಅಲ್ಲಿ ಇಲ್ಲದ ಆಕ್ಸಿಲರೇಟರನ್ನು ಒತ್ತಲು ಶುರುಮಾಡುತ್ತಿತ್ತು. ದಪ್ಪ ಮೈ, ಬೋಳುತಲೆ, ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ತೊಯ್ದು ಮೆತ್ತಗಾದ ಕುತ್ತಿಗೆಪಟ್ಟಿ. ಮುಖ ಮಾತ್ರ ನ್ಯಾಯಾಧೀಶರ ಕಡೆ ಬಹಳ ವಿನಯದಿಂದ ತಿರುಗಿರುತ್ತಿತ್ತು. ಆ ಕಾಲಿನ ಆಟ ಪಕ್ಕದಲ್ಲಿ ಕಡತ ಹಿಡಿದು ಕೂತ ನನಗೊಬ್ಬಳಿಗೇ ಕಾಣುತ್ತಿತ್ತು.

ನಾನು ಅವರ ಕಚೇರಿ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ರಾಯಚೂರಿನ ಕೋರ್ಟಿನಲ್ಲಿ ಆಗ ಕರಿಕೋಟು ಹಾಕಿದ ಹೆಣ್ಣುಮಕ್ಕಳನ್ನು ಹುಡುಕಬೇಕಾಗಿತ್ತು. ನಮ್ಮವ್ವ ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದಳು. ನಾನು ಕಾನೂನು ಓದಿದ್ದು ನಮ್ಮ ಓಣಿಗೆಲ್ಲ ಸಂಭ್ರಮದ ಸುದ್ದಿಯಾಗಿತ್ತು. ಆದರೆ ನನಗೊಂದು ತೊಂದರೆ ಇತ್ತು. ಕಾಗದದ ಮೇಲೆ ಏನು ಬರೆಯಲು ಹೇಳಿದರೂ ಬರೆಯುತ್ತಿದ್ದೆ, ಎದ್ದು ನಿಂತರೆ ಗಂಟಲು ಕಟ್ಟುತ್ತಿತ್ತು. ನಮ್ಮವ್ವ ನೆರೆಮನೆಯವರ ಮುಂದೆ ಹೇಳುತ್ತಿದ್ದಳು: "ಮಾತಾಡೋದೇ ಕೆಲಸ ಅಂತ ಇಕಿದು. ಇಕಿ ನೋಡಿದ್ರ ಬಾಯೇ ತೆಗಿಯಂಗಿಲ್ಲ."

ಸೀನಿಯರ್ ಮಾತ್ರ ಈ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಅವರ ಕೆಲಸ ಊರಿಂದೂರಿಗೆ ಹರಡಿತ್ತು. ವಾರದಲ್ಲಿ ಕೆಲವು ದಿನ ರಾಯಚೂರು, ಉಳಿದ ದಿನ ದೇವದುರ್ಗ, ಮಾನ್ವಿ. ತಮ್ಮ ಹಳೇ ಅಂಬಾಸಿಡರನ್ನು ತಾವೇ ಓಡಿಸುತ್ತಿದ್ದರು. ಅದರಲ್ಲಿ ನಾವಿಬ್ಬರೇ ಹೋದ ದಿನ ನನಗೆ ನೆನಪಿಲ್ಲ. ಕಕ್ಷಿದಾರರು, ಅವರ ನೆಂಟರು, ದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡವರು, ಜೋಳದ ಚೀಲ, ಒಮ್ಮೆ ಒಂದು ಮರಿ ಆಡು. "ಗಾಡಿ ಖಾಲಿ ಹೋದ್ರ ದಾರಿ ಬೈತದ," ಎಂಬುದು ಅವರ ಮಾತು. ಎದುರು ಪಕ್ಷದವನು ಕೈ ಮಾಡಿದರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದರು. ಆದರೆ ಗಾಡಿಯಲ್ಲಿ ಕೇಸಿನ ಮಾತು ತೆಗೆಯಲು ಬಿಡುತ್ತಿರಲಿಲ್ಲ.

ಅವರಿಗಿದ್ದದ್ದು ಒಂದೇ ಚಟ, ವೇಗ. ಎಲೆಯಡಿಕೆ ಇಲ್ಲ, ಇಸ್ಪೀಟಿಲ್ಲ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ನಿಂತು ವಿದೇಶಿ ಕಾರುಗಳ ಚಿತ್ರವಿರುವ ಪತ್ರಿಕೆ ತಿರುವಿಹಾಕುವುದು, ಅಂಗಡಿಯವನು ಕೆಮ್ಮಿದರೆ ಮುಜುಗರಕ್ಕೆ ಒಂದು ದಿನಪತ್ರಿಕೆ ಕೊಂಡು ಬರುವುದು. ನೆಟ್ಟಗಿನ ರಸ್ತೆ ಸಿಕ್ಕರೆ ಪಾಪ ಆ ಅಂಬಾಸಿಡರಿನ ಪ್ರಾಣ ತಿನ್ನುತ್ತಿದ್ದರು. ಅದು ನಡುಗುತ್ತ, ಕೆಮ್ಮುತ್ತ, ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಎರಡು ಸಂಗತಿಗಳು ಒಂದೇ ವಾರ ಕೂಡಿಬಂದವು. ಮೊದಲನೆಯದು ನನ್ನದು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸಕ್ಕೆ ಆಯ್ಕೆಯಾಗಿದ್ದೆ. ಮುಂದಿನ ತಿಂಗಳೇ ಸೇರಬೇಕಿತ್ತು. ಮನೆಯವರಿಗೆ ಸಮಾಧಾನ, ನನಗೂ ಒಂದು ಬಗೆಯ ಬಿಡುಗಡೆ. ಸೀನಿಯರ್‌ಗೆ ಹೇಗೆ ಹೇಳುವುದೆಂದು ಮಾತ್ರ ತಿಳಿಯದೆ ದಿನ ಮುಂದೂಡುತ್ತಿದ್ದೆ.

ಎರಡನೆಯದು ಅವರದು. ಅವರ ಹಳೆಯ ಕಕ್ಷಿದಾರರಾದ ಹಣ್ಣಿನ ವ್ಯಾಪಾರಿಯೊಬ್ಬರ ಮಗ ಕೊಲ್ಲಿ ದೇಶದಿಂದ ಊರಿಗೆ ವಾಪಸಾಗಿದ್ದ. ಬರುವಾಗ ಹಡಗಿನಲ್ಲಿ ಒಂದು ಜಪಾನಿ ಕಾರು ತಂದಿದ್ದ. ಬೆಳ್ಳಿ ಬಣ್ಣ, ನಾಲ್ಕು ಬಾಗಿಲು, ನೆಲಕ್ಕೆ ಅಂಟಿಕೊಂಡಂತಹ ಮೈ, ಹಿಂದೆ ಓರೆಯಾಗಿ ಬರೆದ "ಟರ್ಬೊ" ಎಂಬ ಅಕ್ಷರಗಳು. ಅವನಿಗೆ ಊರಲ್ಲಿ ಅಂಗಡಿ ಹಾಕಬೇಕಿತ್ತು, ಕಾರು ಬೇಡವಾಗಿತ್ತು. ಸೀನಿಯರ್ ಅವರ ಮನೆಯ ಮುಂದೆ ತಂದು ನಿಲ್ಲಿಸಿ, ಚಾವಿಯನ್ನು ಅವರ ಅಂಗೈಯಲ್ಲಿಟ್ಟ.

"ಸಾಬ್, ಈ ವಾರ ನಿಮ್ಮ ಹತ್ರಾನೇ ಇರಲಿ. ಆರಾಮಾಗಿ ಓಡಿಸಿ ನೋಡ್ರಿ. ದಿಲ್ ಒಪ್ಪಿದ್ರ ಇಟ್ಕೋರಿ, ಇಲ್ಲಾಂದ್ರ ವಾಪಸ್ ಕೊಡ್ರಿ, ನನಗೇನೂ ಬೇಜಾರಿಲ್ಲ."

ಸೀನಿಯರ್ ಅವರ ಮುಖ ಆಗ ನೋಡಬೇಕಿತ್ತು. ಆದರೂ ಅವರು ವಕೀಲರು. "ಹಂಗ ದಿಲ್ ಮ್ಯಾಲ ಬಿಟ್ರ ಈಗs ಒಪ್ಪಿಬಿಡ್ತದ," ಎಂದರು. "ದಿನಾ ಹೋಗೋ ದಾರಿಗೆ, ದಿನಾ ಹೋಗೋ ಮಂದಿ ಜೋಡಿ ಹೋಗ್ತೀನಿ. ಆಮ್ಯಾಲ ವಿಚಾರ ಮಾಡೂಣು."

ಮರುದಿನ ದೇವದುರ್ಗ. ಆ ಕಾರಿನ ಸ್ಟೇರಿಂಗ್ ಇದ್ದದ್ದು ಎಡಗಡೆಗೆ. ಹಾಗಾಗಿ ನಾನು ಬಲಗಡೆ, ನಮ್ಮ ಕಾರುಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ಕೈಕಟ್ಟಿ ಕೂತೆ. ದಾರಿಯಲ್ಲಿ ಬರುವವರೆಲ್ಲ ನನ್ನನ್ನೇ ಬೆರಗಿನಿಂದ ನೋಡುತ್ತಿದ್ದರು. ಗಬ್ಬೂರಿನ ಹತ್ತಿರ ನಮ್ಮ ಕಕ್ಷಿದಾರಳಾದ ಒಬ್ಬ ಮುದುಕಿ ಗಂಟು ಹಿಡಿದು ಕಾಯುತ್ತಿದ್ದಳು. ಮೈದುನನ ಜೊತೆ ಹೊಲದ ವ್ಯಾಜ್ಯ ಆಕೆಯದು. ಹಿಂದಿನ ಸೀಟಿನಲ್ಲಿ ಕೂತವಳು ಮೆತ್ತಗಿನ ಆಸನದಲ್ಲಿ ಹೂತೇಹೋದಳು. ಒಳಗೆ ತಣ್ಣನೆಯ ಗಾಳಿ, ಹೊರಗೆ ಬೆಂಕಿಯಂಥ ಬಿಸಿಲು. "ಯಪ್ಪಾ, ಮಳಿಗಾಲ ಒಳಗs ಅದ ಬಿಡು," ಎಂದು ಸೆರಗು ಹೊದ್ದು ನಿದ್ದೆಹೋದಳು.

ಸೀನಿಯರ್ ನನಗೆ ಟರ್ಬೊ ಅಂದರೇನೆಂದು ವಿವರಿಸಿದರು. ಎಂಜಿನ್ ಬಿಡುವ ಹೊಗೆಯ ಕಸುವಿನಿಂದಲೇ ಒಂದು ಸಣ್ಣ ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ನೂಕುತ್ತದಂತೆ. ಒತ್ತಿದ ಕೂಡಲೇ ಅದು ಓಡುವುದಿಲ್ಲ. ಒಂದು ಗಳಿಗೆ ಯೋಚನೆ ಮಾಡುತ್ತದೆ, ಆಮೇಲೆ ಹಾರುತ್ತದೆ. "ಕೆಲವು ಜಡ್ಜ್ ಇರ್ತಾರ ನೋಡು, ಹಂಗ," ಎಂದು ನಕ್ಕರು. ನಿಜಕ್ಕೂ ಅದು ಹಾರಿದಾಗ ನನ್ನ ಬೆನ್ನು ಸೀಟಿಗೆ ಅಂಟಿತು. ಅವರು ಚಿಕ್ಕ ಹುಡುಗನ ಹಾಗೆ ತುಟಿ ಕಚ್ಚಿಕೊಂಡಿದ್ದರು.

ಆದರೆ ಹಳ್ಳದ ದಾಟಿನಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಕರ್ ಎಂದು ಉಜ್ಜಿತು. ಕೋರ್ಟಿನ ಮುಂದೆ ಮುದುಕಿಗೆ ಮೇಲೇಳಲು ಆಗಲಿಲ್ಲ. "ಇದು ಗಾಡಿನೋ ತೊಟ್ಲೋ ಯಪ್ಪಾ? ಮಲಗಾಕ ಬರತದ, ಏಳಾಕ ಬರವಲ್ದು," ಎನ್ನುತ್ತಿದ್ದವಳನ್ನು ನಾವಿಬ್ಬರೂ ಒಂದೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ಬಿಸಿಯಾದ ಟರ್ಬೊ ತಣ್ಣಗಾಗುವವರೆಗೆ ಎಂಜಿನ್ ಆರಿಸಬಾರದು, ಸುಮ್ಮನೆ ಓಡುತ್ತಿರಬೇಕು ಎಂದು ಕಾರು ತಂದ ಹುಡುಗ ತಾಕೀತು ಮಾಡಿದ್ದ. ಒಳಗೆ ನಮ್ಮ ಕೇಸು ಕೂಗಿದರು. ಸೀನಿಯರ್ ಕಾರಿನಲ್ಲೇ ಕೂತು, "ತಂಗೀ, ನೀ ಹೋಗಿ ಜಡ್ಜ್ ಹತ್ರ ಸ್ವಲ್ಪ ಟೈಮ್ ಕೇಳು. ಇದರ ದಮ್ಮು ಆರಲಿ, ಬಂದೆ," ಎಂದರು.

ನಾನು ಹೋದೆ, ನಿಂತೆ. ಕೇಳಬೇಕಾದದ್ದು ಒಂದೇ ವಾಕ್ಯ. ಬಾಯಿ ತೆರೆದೆ, ಗಾಳಿ ಬಂತು, ದನಿ ಬರಲಿಲ್ಲ. ನ್ಯಾಯಾಧೀಶರು "ಏನಮ್ಮಾ?" ಎಂದು ಎರಡು ಸಲ ಕೇಳಿದರು. ಕೊನೆಗೆ ಎದುರು ವಕೀಲರೇ ಎದ್ದು, "ಅವರ ಸೀನಿಯರ್ ಬರ್ತಾರಂತ ಸ್ವಾಮಿ, ನಮ್ಮದೇನೂ ತಕರಾರಿಲ್ಲ," ಎಂದರು. ಯಾರೂ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಗುಮಾಸ್ತೆಯ ಕೆಲಸಕ್ಕೆ ಸೇರುವುದೆಂದು ಅಲ್ಲೇ ಗಟ್ಟಿಮಾಡಿಕೊಂಡೆ.

ಅದರ ಮರುದಿನ ಮಾನ್ವಿಗೆ ಹೊರಟೆವು. ಕಲ್ಲೂರು ದಾಟಿದ ಮೇಲೆ ಮುಂದೊಂದು ಮೇವಿನ ಲಾರಿ. ರಸ್ತೆ ತುಂಬ ಅದೇ. ಎಡಗಡೆ ಕೂತ ಸೀನಿಯರ್‌ಗೆ ಅದರಾಚೆ ಏನೂ ಕಾಣದು. ಬಲಗಡೆ ಕೂತ ನನಗೆ ಕಾಣುತ್ತದೆ. "ನೋಡಿ ಹೇಳು ತಂಗೀ, ಖಾಲಿ ಅದ ಏನ?" ಎಂದರು. ನಾನು ಇಣುಕಿದೆ. ದೂರದಲ್ಲಿ ಕೆಂಪು ಬಸ್ಸು ಧೂಳೆಬ್ಬಿಸುತ್ತ ಬರುತ್ತಿತ್ತು. "ಬಸ್ ಬರಾಕತ್ತದ ಸರ್," ಎಂದೆ. ನನ್ನ ದನಿ ತಣ್ಣನೆ ಗಾಳಿಯ ಸದ್ದಿನಲ್ಲಿ ಮುಳುಗಿತು. ಅವರು "ಖಾಲಿ ಅದ" ಎಂದು ಕೇಳಿಸಿಕೊಂಡರೋ ಏನೋ, ಕಾಲು ಒತ್ತಿದರು. ಕಾರು ಒಂದು ಗಳಿಗೆ ಯೋಚಿಸಿತು. ಆ ಗಳಿಗೆಯಲ್ಲಿ ಬಸ್ಸಿನ ಮುಂದಿನ ಗಾಜು, ಅದರ ಹಿಂದಿನ ಡ್ರೈವರನ ಮೀಸೆ ಎಲ್ಲ ನನಗೆ ಕಂಡವು.

"ಬ್ರೇಕ್ ಹಿಡಿ! ಹಿಂದಕ್ಕ ಬಾ!" ಎಂದು ಕೂಗಿದೆ.

ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಹತ್ತಿ ಕಾರ್ಖಾನೆಯ ಯಂತ್ರದ ಸದ್ದಿನ ಮೇಲೆ ನಮ್ಮವ್ವ ಗೆಳತಿಯರನ್ನು ಕೂಗುತ್ತಿದ್ದ ದನಿ ಅದು. ಸೀನಿಯರ್ ಬ್ರೇಕ್ ಹಿಡಿದರು, ಕಾರು ಲಾರಿಯ ಬೆನ್ನಿಗೆ ಸರಿಯಿತು, ಬಸ್ಸು ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹೋಯಿತು. ರಸ್ತೆ ಪಕ್ಕದ ಬೇವಿನ ಮರದಡಿ ನಿಲ್ಲಿಸಿದರು. ಸೀನಿಯರ್‌ಗೆ ಏಕವಚನದಲ್ಲಿ ಕೂಗಿದೆನಲ್ಲ ಎಂದು ನಾನು ತಲೆ ತಗ್ಗಿಸಿದೆ. ಅವರು ಕರವಸ್ತ್ರದಿಂದ ತಲೆ ಒರೆಸಿಕೊಂಡು, ಮೆಲ್ಲಗೆ ಕೇಳಿದರು: "ಇಷ್ಟು ದಿನ ಇದನ್ನ ಎಲ್ಲಿ ಇಟ್ಟಿದ್ದಿ?"

ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಕಾರಿನ ವಿಚಾರಣೆ ನಡೆಯಿತು. ಹಾಗೆಂದು ಅವರೇ ಘೋಷಿಸಿದ್ದು. ತೀರ್ಪು ಕೊಡುವವರು ಅವರ ಹೆಂಡತಿ. ಅವರನ್ನು ನಾನು ಅಮ್ಮಾವರು ಎನ್ನುತ್ತಿದ್ದೆ. ಹಿತ್ತಿಲಿನ ಮಲ್ಲಿಗೆ ತಂದು ಮಾಲೆ ಕಟ್ಟುತ್ತ ಕೂತಿದ್ದರು. ಕಾರಿನ ಹುಡುಗ ಚಹಾ ಕುಡಿಯುತ್ತ ಮೂಲೆಯಲ್ಲಿದ್ದ. ಸೀನಿಯರ್ ಕಾರಿನ ಪರ. ವಿರುದ್ಧ ನಾನು.

"ನನಗ ಆಗಂಗಿಲ್ಲ ಸರ್," ಎಂದೆ.

"ಬಸ್ ಬಂದಾಗ ಆತಲ್ಲ? ಈಗೂ ಬಸ್ ಬರಾಕತ್ತದ ಅಂತ ತಿಳ್ಕೋ."

ಅವರು ಸೊಗಸಾಗಿ ವಾದಿಸಿದರು. ರಾಯಚೂರಿನ ಬಿಸಿಲು, ಕರಿಕೋಟು, ತಣ್ಣನೆ ಗಾಳಿ. ಬೆಳಿಗ್ಗೆ ಬೇಗ ಮುಟ್ಟಿ ಕಕ್ಷಿದಾರರ ಜೊತೆ ಮಾತಾಡಲು ಸಿಗುವ ಸಮಯ. ಮಾನ್ವಿಯ ನೇರ ರಸ್ತೆ. ಕೊನೆಗೆ ದನಿ ತಗ್ಗಿಸಿ, "ಮತ್ತ, ನನಗ ಆಸಿ ಅದ. ಅದನ್ನೂ ಒಂದು ಸಾಕ್ಷಿ ಅಂತ ತಗೋಬೇಕು," ಎಂದರು.

"ಆಸಿ ಸಾಕ್ಷಿ ಅಲ್ರಿ, ಫಿರ್ಯಾದಿ," ಎಂದರು ಅಮ್ಮಾವರು, ಹೂವಿನಿಂದ ಕಣ್ಣೆತ್ತದೆ.

ನನ್ನ ಸರದಿ ಬಂತು. ಎದ್ದೆ. ಭಾಷಣ ಮಾಡಲಾಗದೆಂದು ಪ್ರಶ್ನೆ ಕೇಳಿದೆ.

"ಸರ್, ದೇವದುರ್ಗದಾಗ ಆ ಅಜ್ಜಿನ ಇಳಿಸಾಕ ಎಷ್ಟು ಮಂದಿ ಬೇಕಾತ್ರಿ?"

"ಇಬ್ಬರು."

"ಅದ್ರಾಗ ಒಬ್ಬರು ಯಾರ್ರಿ?"

"ನಾನು."

"ನಮ್ಮ ಗಾಡ್ಯಾಗ ಹತ್ತೋ ಮಂದಿ ಎಲ್ಲಾ ಅಂಥವ್ರೇ ಅಲ್ರೀ?" ಅವರು ತಲೆಯಾಡಿಸಿದರು. "ಕೋರ್ಟಿನಾಗ ಕೇಸ್ ಕೂಗಿದಾಗ ತಾವು ಎಲ್ಲಿದ್ರಿ?"

"ಗಾಡ್ಯಾಗ. ಅದರ ದಮ್ಮು ಆರಬೇಕಾಗಿತ್ತು."

ಅಷ್ಟರಲ್ಲಿ ನನ್ನ ದನಿ ನೆಟ್ಟಗಾಗಿತ್ತು. "ಈ ಗಾಡಿ ಓಡಿಸಾಕ ಎಷ್ಟು ಮಂದಿ ಬೇಕು?"

"ಒಬ್ಬರು ಸಾಕು."

"ಹಂಗಾದ್ರ ಇವತ್ತು ಬಸ್ ನೋಡಿದವರು ಯಾರು?"

ಅವರು ಓರೆಗಣ್ಣಿನಿಂದ ಅಮ್ಮಾವರ ಕಡೆ ನೋಡಿದರು.

"ನಾನು ಬರಲಾರದ ದಿನ ಲಾರಿ ಹಿಂದ ಸಿಕ್ಕೊಂಡ್ರ, ಆಚಿ ಬಾಜು ನೋಡೋರು ಯಾರ್ರಿ ಸರ್? ಅಮ್ಮಾವರಿಗೆ ಯಾರು ಉತ್ತರ ಹೇಳಬೇಕು?"

ಕಾರಿನ ಹುಡುಗ ತನ್ನ ಕಾರಿಗೇ ಸೋಲಾಗುತ್ತಿದ್ದರೂ "ವಾಹ್" ಎಂದುಬಿಟ್ಟ. ಅಮ್ಮಾವರು ಹೂವನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನೇ ನೋಡಿದರು. ಬಸ್ಸಿನ ಮಾತಿನ ಅರ್ಥ ಅವರಿಗೆ ಆಗಷ್ಟೇ ಹೊಳೆದಿತ್ತು. ಆದರೆ ಬೈಯಲಿಲ್ಲ. ತೀರ್ಪು ಹೀಗೆ ಬಂತು:

"ಗಾಡಿ ಭಾಳ ಛಂದ ಅದ. ನಾಳೆ ಮುಂಜಾನೆ ನನ್ನ ಕೂಡಿಸ್ಕೊಂಡು ಯರಗೇರಾ ತನಕ ಒಮ್ಮೆ ಹೋಗಿ ಬರ್ರಿ. ಆಮ್ಯಾಲ ಚಾವಿ ಕೊಟ್ಟುಬಿಡ್ರಿ."

ಸೀನಿಯರ್ ಎದ್ದು ಕೋರ್ಟಿನಲ್ಲಿ ಬಾಗುವಂತೆಯೇ ಬಾಗಿದರು. ಆಮೇಲೆ ನನ್ನ ಕಡೆ ತಿರುಗಿ, "ಸೋತೆ ವಕೀಲರ," ಎಂದರು. ಅಲ್ಲಿಯವರೆಗೆ ನಾನು ಅವರಿಗೆ ತಂಗಿಯಾಗಿದ್ದೆ. ಅಷ್ಟು ದಿನದ ಆಸೆಯ ಕಾರು ಕೈಬಿಟ್ಟ ಮನುಷ್ಯನ ಮುಖ ಅಷ್ಟೊಂದು ಅರಳಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಅವರು ಗೇಟಿನವರೆಗೆ ಬಂದಾಗ ಗುಮಾಸ್ತೆಯ ಕೆಲಸದ ವಿಷಯ ಹೇಳಿದೆ. "ಸಂಬಳ ನೆಟ್ಟಗ ಬರತದ, ಬ್ಯಾಡ ಅನ್ನಾಕ ನಾ ಯಾರು," ಎಂದರು. "ಆದ್ರ ಅಲ್ಲಿ ಮಂದಿ ಹೇಳಿದ್ದು ಬರಿಬೇಕು. ಇಲ್ಲಿ ನೀವು ಹೇಳಿದ್ದು ಮಂದಿ ಬರಕೋತಾರ. ವಿಚಾರ ಮಾಡ್ರಿ." ಮನೆಗೆ ಹೋಗಿ ನಮ್ಮವ್ವನಿಗೆ ನಡೆದದ್ದೆಲ್ಲ ಹೇಳಿದೆ. ಬಸ್ಸಿನ ಹತ್ತಿರ ನಾನು ಕೂಗಿದ್ದನ್ನು ಆಕೆ ಎರಡು ಸಲ ಹೇಳಿಸಿಕೊಂಡಳು. "ಅಷ್ಟು ದೊಡ್ಡ ಮನುಷ್ಯಾಗ ಹಂಗ ಅಂದೇನ?" ಎಂದು ಸೆರಗು ಬಾಯಿಗೊತ್ತಿ ನಕ್ಕು, "ಮತ್ಯಾಕ ಆ ಸರ್ಕಾರಿ ಕಚೇರಿ, ಬಿಡು," ಎಂದಳು.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೋದಾಗ ಗಂಡಹೆಂಡತಿ ಯರಗೇರಾದಿಂದ ಆಗಷ್ಟೇ ಬಂದಿಳಿಯುತ್ತಿದ್ದರು. ಅಮ್ಮಾವರ ತುರುಬು ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಕಿಟಕಿ ಇಳಿಸಿಕೊಂಡೇ ಹೋಗಿದ್ದರಂತೆ. "ಏನ್ ಹೇಳ್ತೀರಿ ವಕೀಲರ," ಎಂದರು ಸೀನಿಯರ್. "ನಮ್ಮ ಜಡ್ಜ್ ಸಾಹೇಬ್ರು ಬಲಗಡಿ ಕುಂತು, ರೋಡ್ ಖಾಲಿ ಅದ, ಹೋಗ್ರಿ, ಇನ್ನೂ ಹೋಗ್ರಿ ಅಂತ ಒಂದೇ ಸಮ ಗಂಟುಬಿದ್ದಿದ್ರು." ಅಮ್ಮಾವರು ಕೂದಲು ಕಟ್ಟಿಕೊಳ್ಳುತ್ತ ಒಳಗೆ ಹೋದರು. ಕಾರನ್ನು ಆಮೇಲೆ ಹೈದರಾಬಾದಿನವರು ಯಾರೋ ಕೊಂಡರಂತೆ.

ನಾವು ಮತ್ತೆ ಅಂಬಾಸಿಡರಿನಲ್ಲೇ ಓಡಾಡಿದೆವು. ಗಬ್ಬೂರಿನ ಮುದುಕಿಯ ಕೇಸನ್ನು ನನಗೇ ಬಿಟ್ಟುಕೊಟ್ಟರು. ನಾನು ವಾದ ಮಾಡುವಾಗ ಅವರು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಹೀಗೆ ಹೇಳು ಎಂದು ಒಂದು ದಿನವೂ ಚೀಟಿ ಕಳಿಸಲಿಲ್ಲ. ತಪ್ಪು ಮಾಡಿದ ದಿನ ದಾರಿಯಲ್ಲಿ ಅಂಗಡಿ ಮುಂದೆ ನಿಲ್ಲಿಸಿ ಬಿಸಿ ಮಿರ್ಚಿಭಜಿ ಕೊಡಿಸುತ್ತಿದ್ದರು. ಚೆನ್ನಾಗಿ ವಾದಿಸಿದ ದಿನವೂ ಅದೇ ಮಿರ್ಚಿಭಜಿ. ಯಾವುದಕ್ಕೆ ಕೊಡಿಸಿದ್ದೆಂದು ನಾನೇ ತಿಳಿದುಕೊಳ್ಳಬೇಕಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಕೊನೆಯ ವಾರದಲ್ಲೂ, ಮಂಚದ ಪಕ್ಕ ಕೂತು ನಾನು ಹೇಳುತ್ತಿದ್ದ ಕೋರ್ಟಿನ ಸುದ್ದಿಗೆ ನಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಮ್ಮಾವರು ಕಡತಗಳಿದ್ದ ಕಪಾಟಿನ ಚಾವಿಯನ್ನು ನನಗೆ ಕೊಟ್ಟರು.

ಅದಾಗಿ ಕೆಲವು ದಿನಗಳ ಮೇಲೆ ಮಾನ್ವಿಗೆ ಬಸ್ಸಿನಲ್ಲಿ ಹೋಗಿದ್ದೆ. ಕೋರ್ಟಿನ ಅಂಗಳದಲ್ಲಿ ರುಮಾಲು ಸುತ್ತಿದ ಮುದುಕನೊಬ್ಬ ಅವರಿವರನ್ನು ಕೇಳುತ್ತ, ಕೊನೆಗೆ ನನ್ನ ಹತ್ತಿರ ಬಂದ.

"ಯವ್ವಾ, ರಾಯಚೂರಿನ ವಕೀಲ್ ಸಾಬ್ರು ಹೋದ್ರಂತ. ಅವರ ಕೇಸೆಲ್ಲಾ ಅವರ ಮಗಳು ನೋಡ್ತಾಳ ಅಂತ ಊರಾಗ ಹೇಳಿದ್ರು. ವಕೀಲಕಿ ಅಂತ, ಅವರ ಗಾಡ್ಯಾಗs ಬರ್ತಿದ್ಲಂತ. ಎಲ್ಲಿ ಅದಾಳ ಆಕಿ?"

ನಾನು ಅವನ ಕೈಯಿಂದ ಕಾಗದದ ಗಂಟು ಇಸಿದುಕೊಂಡೆ.

"ನಾನs ರೀ ಯಪ್ಪಾ," ಎಂದೆ. "ಬರ್ರಿ, ನೆಳ್ಳಿಗೆ ಕುಂದರೂಣು."